ಮೊದಲ ಸೆಕೆಂಡಿನಲ್ಲಿ 9.8 ಮೀಟರ್ ಬೀಳಬೇಕಿತ್ತಲ್ಲ, 4.9 ಏಕೆ?

ಪ್ರಶ್ನೆ: ಗುರುತ್ವದ ಬೆಲೆ 9.8 ಎಂದು ಪಾಠದಲ್ಲಿದೆ. ಹಾಗಿದ್ದರೆ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 9.8 ಮೀಟರ್ ಇಳಿಯಬೇಕು. ದೂರ = ½ × 9.8 × ಕಾಲದ ವರ್ಗ ಎಂಬ ಸೂತ್ರಕ್ಕೆ ಹಾಕಿದರೆ 4.9 ಬರುತ್ತದೆ. ಉಳಿದರ್ಧ ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಿಲ್ಲ. 9.8 ಎಂಬುದು ದೂರವಲ್ಲ, ವೇಗವೂ ಅಲ್ಲ. ಪ್ರತಿ ಸೆಕೆಂಡಿಗೆ ವೇಗ ಎಷ್ಟು ಏರುತ್ತದೆ ಎಂಬುದರ ಲೆಕ್ಕ ಅದು, ಅಂದರೆ ವೇಗೋತ್ಕರ್ಷ. ಕೈಬಿಟ್ಟ ಗಳಿಗೆಯಲ್ಲಿ ಕಲ್ಲಿನ ವೇಗ ಸೊನ್ನೆ. ಒಂದು ಸೆಕೆಂಡ್ ಮುಗಿಯುವ ಹೊತ್ತಿಗಷ್ಟೇ ಅದು ಸೆಕೆಂಡಿಗೆ 9.8 ಮೀಟರ್ ಮುಟ್ಟುತ್ತದೆ. ಏರಿಕೆ ಒಂದೇ ಸಮನಾಗಿರುವುದರಿಂದ ಸರಾಸರಿ 4.9, ಇಳಿದ ದೂರವೂ ಅಷ್ಟೇ. ಎರಡನೇ ಸೆಕೆಂಡ್ 9.8ರಿಂದ ಶುರುವಾಗಿ 19.6ಕ್ಕೆ ಮುಗಿಯುತ್ತದೆ, ಆಗ ಇಳಿಯುವುದು 14.7 ಮೀಟರ್. ಮೂರನೆಯದರಲ್ಲಿ 24.5. ಒಂದಕ್ಕೆ ಮೂರು, ಐದು, ಏಳು ಎಂಬ ಈ ಬೆಸಸಂಖ್ಯೆಗಳ ಲೆಕ್ಕವನ್ನು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ. ನೇರ ಬೀಳುವ ಗುಂಡನ್ನು ಅಳೆಯುವ ಗಡಿಯಾರ ಆಗ ಇರಲಿಲ್ಲ. ಹಾಗಾಗಿ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಅಷ್ಟು ಹೊತ್ತಿನಲ್ಲಿ ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದ.

ನಮ್ಮ ತೋಟಕ್ಕೇ ಬನ್ನಿ. ಇಪ್ಪತ್ತು ಮೀಟರ್ ಎತ್ತರದ ತೆಂಗಿನಮರದಿಂದ ಕಾಯಿ ಕಳಚಿತು. ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತದೆ. ಕಾಯಿ ಆಗ ಇಳಿದಿರುವುದು ಬರೀ 1.2 ಮೀಟರ್, ಇನ್ನೂ ಗೊನೆಯ ಬಳಿಯೇ ಇದೆ ಎನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಕೊನೆಯ ಅರ್ಧ ಸೆಕೆಂಡಿನಲ್ಲಿ ಅದೇ ಕಾಯಿ 8.7 ಮೀಟರ್ ನುಂಗಿಬಿಡುತ್ತದೆ. ಒಟ್ಟು ಎರಡೇ ಸೆಕೆಂಡ್. ನೆಲ ಮುಟ್ಟುವಾಗ ವೇಗ ಗಂಟೆಗೆ 71 ಕಿ.ಮೀ. ಗಾಳಿಯ ತಡೆಯಿಂದ ಮೂರು ನಾಲ್ಕು ಕಿ.ಮೀ. ಕಡಿಮೆಯಾದೀತು, ತಲೆಗೆ ಅದರಿಂದೇನೂ ಲಾಭವಿಲ್ಲ. ಅರ್ಧ ಎತ್ತರ ಇಳಿದಾಗ ಅರ್ಧ ವೇಗ ಎಂದುಕೊಳ್ಳುವವರೂ ಇದ್ದಾರೆ. ಅದು ತಪ್ಪು: ಹತ್ತು ಮೀಟರ್ ಇಳಿದಾಗಲೇ ಗಂಟೆಗೆ 50 ಕಿ.ಮೀ. ಬಂದಿರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಪಟ್ಟು ಬೇಕು.

ಗಾಳಿ ನಿಜಕ್ಕೂ ಆಟ ಕೆಡಿಸುವುದು ಜೋಗದಂಥ ಕಡೆ. 253 ಮೀಟರ್ ಎತ್ತರಕ್ಕೆ ಸೂತ್ರ ಹಾಕಿದರೆ ತಳದಲ್ಲಿ ನೀರಿನ ವೇಗ ಗಂಟೆಗೆ 250 ಕಿ.ಮೀ. ದಾಟುತ್ತದೆ. ಅಷ್ಟು ಬರುವುದಿಲ್ಲ. ಧಾರೆ ದಾರಿಯಲ್ಲೇ ಒಡೆದು ಹನಿಯಾಗುತ್ತದೆ. ಐದು ಮಿಲಿಮೀಟರ್ ಗಾತ್ರದ ಒಂಟಿ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 9 ಮೀಟರ್ ಮೀರಲಾರದು. ದಪ್ಪ ಧಾರೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಇಳಿಯುವುದರಿಂದ ಒಂಟಿ ಹನಿಗಿಂತ ಜೋರಾಗಿ ಬರುತ್ತದೆ, ಸೂತ್ರ ಹೇಳಿದಷ್ಟಲ್ಲ.

ಈ 9.8ನ್ನು ಮನೆಯಲ್ಲೇ ಅಳೆಯಬೇಕೇ? ಸ್ಟಾಪ್‌ವಾಚ್ ಬೇಡ. ಗೋಲಿಯೊಂದು ಎರಡು ಮೀಟರ್ ಬೀಳಲು 0.64 ಸೆಕೆಂಡ್ ಸಾಕು, ಬೆರಳು 0.2 ಸೆಕೆಂಡ್ ತಡಮಾಡಿದರೆ ಉತ್ತರ 9.8ರ ಬದಲು 5.7 ಬರುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು ಚಿತ್ರಿಸಿ. ಗೋಡೆಗೆ ಅಳತೆ ಟೇಪ್ ಅಂಟಿಸಿ, ಗೋಲಿಯ ತಳದಿಂದ ನೆಲದವರೆಗೆ ಎರಡು ಮೀಟರ್ ಗುರುತಿಸಿ, ಬಿಟ್ಟ ಫ್ರೇಮಿನಿಂದ ತಾಗಿದ ಫ್ರೇಮಿನವರೆಗೆ ಎಣಿಸಿ: 153ರ ಆಸುಪಾಸು ಬರಬೇಕು. ಅದನ್ನು 240ರಿಂದ ಭಾಗಿಸಿದರೆ ಕಾಲ. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿ. ಒಂದು ಫ್ರೇಮ್ ತಪ್ಪಿದರೆ ಉತ್ತರದಲ್ಲಿ ಶೇಕಡಾ 1.3ರಷ್ಟು ವ್ಯತ್ಯಾಸ. ಹೆಚ್ಚಿನವರು ಎಡವುವುದು ಶುರುವಿನ ಫ್ರೇಮಿನಲ್ಲಿ: ಮೊದಲ ನಾಲ್ಕು ಫ್ರೇಮ್‌ಗಳಲ್ಲಿ ಗೋಲಿ ಒಂದೂವರೆ ಮಿಲಿಮೀಟರ್ ಕೂಡ ಜರುಗುವುದಿಲ್ಲ, ಕದಲಿದ್ದು ಕಣ್ಣಿಗೇ ಬೀಳದು. ಅದಕ್ಕೆ ಗೋಲಿಯನ್ನಲ್ಲ, ಬೆರಳು ಬಿಡಿಸಿಕೊಂಡ ಫ್ರೇಮನ್ನು ನೋಡಿ ಎಣಿಕೆ ಶುರುಮಾಡಿ.