ಕೊನೆಯ ಸಾಲು ಕುಸಿದ ಜಾಗವಲ್ಲ

‘ಸ್ಟಾರ್ಟಿಂಗ್ ಕರ್ನೆಲ್ ಎಂದು ಬಂದು ಬೋರ್ಡ್ ನಿಂತುಬಿಡುತ್ತದೆ ಸರ್, ಕರ್ನೆಲ್ ಶುರುವೇ ಆಗುತ್ತಿಲ್ಲ.’ ಜೊತೆಗೆ ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೋ. ಹೊಸ ಸರ್ಕ್ಯೂಟ್ ಬೋರ್ಡುಗಳ ಮೇಲೆ ಲಿನಕ್ಸನ್ನು, ಮೊದಲಿಗೆ ಅದರ ತಿರುಳಾದ ಕರ್ನೆಲನ್ನು, ಎಬ್ಬಿಸುವುದೇ ಕಸುಬಾದ ನನಗೆ ಇಂಥ ಸಂದೇಶ ತಪ್ಪಿದ್ದಲ್ಲ. ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲ: ಪರದೆಯ ಕೊನೆಯ ಸಾಲು ಕರ್ನೆಲ್ ಕುಸಿದ ಜಾಗವಲ್ಲ.

ಆ ಸಾಲನ್ನು ಬರೆಯುವುದು ಕರ್ನೆಲ್ ಅಲ್ಲವೇ ಅಲ್ಲ, ಕರ್ನೆಲನ್ನು ಮೆಮೊರಿಗೆ ತಂದು ಓಡಿಸುವ ಯೂ-ಬೂಟ್. ಅಲ್ಲಿಂದಾಚೆ ಕರ್ನೆಲ್ ಮೆಮೊರಿ ವಿಳಾಸಗಳ ಪಟ್ಟಿಯಾದ ಪೇಜ್ ಟೇಬಲ್ ಕಟ್ಟುತ್ತದೆ, ಬೋರ್ಡಿನಲ್ಲಿ ಯಾವ ಯಂತ್ರಾಂಶ ಎಲ್ಲಿದೆ ಎಂದು ವಿವರಿಸುವ ಡಿವೈಸ್ ಟ್ರೀ ಓದುತ್ತದೆ, ಇಂಟರಪ್ಟ್‌ಗಳನ್ನು ಅಣಿಗೊಳಿಸುತ್ತದೆ. ಅಷ್ಟು ಹೊತ್ತೂ ಅದು ಮಾತಾಡುತ್ತಲೇ ಇರುತ್ತದೆ. ಮಾತೆಲ್ಲ ಮೆಮೊರಿಯ ಲಾಗ್ ಬಫರಿನಲ್ಲಿ ಕೂತಿರುತ್ತದೆ. ಆರ್ಮ್ ಪ್ರೊಸೆಸರಿನ ಎಷ್ಟೋ ಬೋರ್ಡುಗಳಲ್ಲಿ ಸೀರಿಯಲ್ ಪೋರ್ಟನ್ನು ನಡೆಸುವ ಡ್ರೈವರ್ ಎದ್ದು, ಆ ಪೋರ್ಟು ಸಂದೇಶ ಹೊರಬರುವ ಕನ್ಸೋಲ್ ಆಗಿ ನೋಂದಣಿಯಾದ ಮೇಲಷ್ಟೇ ಅದು ನಿಮ್ಮ ಕೇಬಲ್ಲಿಗೆ ಇಳಿಯುವುದು. ಅದಕ್ಕೆ ಮುಂಚೆ ಎಲ್ಲಿ ಸತ್ತರೂ ನಿಮಗೆ ಕಾಣುವ ಕೊನೆಯ ಸಾಲು ಒಂದೇ. ಆ ಸಾಲು ಹಿಡಿದುಕೊಂಡು ಡಿಡಿಆರ್ ಮೆಮೊರಿ ಸರಿಯಿಲ್ಲ, ಕಂಪೈಲರ್ ಸರಿಯಿಲ್ಲ ಎಂದು ವಾರಗಟ್ಟಲೆ ಅಲೆಯುವವರನ್ನು ಕಂಡರೆ ಸಂಕಟವಾಗುತ್ತದೆ.

ಮೊದಲು, ಯೂ-ಬೂಟ್ ಕರ್ನೆಲಿಗೆ ದಾಟಿಸುವ ಬೂಟ್ ಆರ್ಗ್ಯುಮೆಂಟಿಗೆ, ಆ ಡ್ರೈವರ್ ಏಳುವ ಮುಂಚೆಯೇ ಮಾತು ಹೊರಬರುವಂತೆ ಮಾಡುವ ‘ಅರ್ಲಿಕಾನ್’ (earlycon) ಸೇರಿಸಿ. 64 ಬಿಟ್ ಆರ್ಮ್‌ನಲ್ಲಿ, ಡಿವೈಸ್ ಟ್ರೀಯಲ್ಲಿ ಕನ್ಸೋಲ್ ಯಾವ ಪೋರ್ಟು ಎಂದು ಹೇಳುವ ‘ಸ್ಟಡೌಟ್-ಪಾತ್’ (stdout-path) ಸರಿಯಿದ್ದರೆ, ಸಾಮಾನ್ಯವಾಗಿ ಆ ಒಂದು ಪದ ಸಾಕು. ಇಲ್ಲವಾದರೆ ಸೀರಿಯಲ್ ಪೋರ್ಟಿನ ವಿಳಾಸವನ್ನೂ ಕೊಡಬೇಕು; ಚಿಪ್ ಕೈಪಿಡಿ ನೋಡಿಯೇ ಕೊಡಿ, ತಪ್ಪು ವಿಳಾಸವೇ ಬೋರ್ಡನ್ನು ಕೆಡವಬಹುದು. ಅದಕ್ಕೂ ಬಗ್ಗದಿದ್ದರೆ ವಿದ್ಯುತ್ ತೆಗೆಯದೆ ರೀಸೆಟ್ ಮಾಡಿ, ಕರ್ನೆಲ್ ಬಿಲ್ಡಿನ ವಿಳಾಸಪಟ್ಟಿಯಾದ ಸಿಸ್ಟಂ ಮ್ಯಾಪ್‌ನಲ್ಲಿರುವ ಲಾಗ್ ಬಫರಿನ ವಿಳಾಸವನ್ನು ಭೌತಿಕ ವಿಳಾಸಕ್ಕೆ ಬದಲಿಸಿಕೊಂಡು, ಯೂ-ಬೂಟಿನಿಂದಲೇ ಆ ಮೆಮೊರಿಯನ್ನು ಓದಿ. ರೀಸೆಟ್ಟಿನಲ್ಲಿ ಮೆಮೊರಿ ಅಳಿಸಿಹೋಗುವ ಬೋರ್ಡುಗಳೂ ಇವೆ, ಆದ್ದರಿಂದ ಖಾತರಿ ಕೊಡಲಾರೆ.

ಮೌನವೆಂದರೆ ಸಾವೆಂದೂ ಅಲ್ಲ. ಒಬ್ಬ ಹುಡುಗಿ, ಬಲು ಚುರುಕು, ಬೂಟ್ ಅರ್ಧಕ್ಕೇ ಕರ್ನೆಲ್ ಸಾಯುತ್ತಿದೆ ಎಂದು ಬೋರ್ಡ್ ತಂದಿದ್ದಳು. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿ ಪಿಂಗ್ ಮಾಡಿಸಿದೆ, ಉತ್ತರ ಬಂತು! ಡಿವೈಸ್ ಟ್ರೀಯಲ್ಲಿ ಸೀರಿಯಲ್ ಪೋರ್ಟಿಗೆ, ಅದನ್ನು ನಡೆಸುವ ತಾಳದ ಸಂಕೇತವಾದ ಕ್ಲಾಕ್ ಎಂದು, ಬೇರೆ ಯಾವುದನ್ನೋ ಬರೆದಿತ್ತು. ನಿಜವಾದ ಕ್ಲಾಕನ್ನು ಯಾರೂ ಬಳಸುತ್ತಿಲ್ಲವೆಂದು ಬೂಟಿನ ಕೊನೆಯ ಹಂತದಲ್ಲಿ ಕರ್ನೆಲ್ಲೇ ನಿಲ್ಲಿಸಿಬಿಟ್ಟಿತ್ತು, ಪೋರ್ಟು ಮೂಕವಾಗಿತ್ತು. ‘ಕ್ಲಾಕ್-ಇಗ್ನೋರ್-ಅನ್‌ಯೂಸ್ಡ್’ (clk_ignore_unused, ಬಳಸದ ಕ್ಲಾಕುಗಳನ್ನೂ ನಿಲ್ಲಿಸಬೇಡ ಎಂಬ ಬೂಟ್ ಆರ್ಗ್ಯುಮೆಂಟ್) ಹಾಕಿದೊಡನೆ ಲಾಗಿನ್ ಪ್ರಾಂಪ್ಟ್ ಬಂತು. ಅವಳ ಮುಖ ನೋಡಬೇಕಿತ್ತು.

ನನಗೆ ಫೋಟೋ ಕಳಿಸಬೇಡಿ. ವಿದ್ಯುತ್ ಕೊಟ್ಟ ಕ್ಷಣದಿಂದ ಹಿಡಿದ ಪೂರ್ತಿ ಸೀರಿಯಲ್ ಲಾಗ್ ಪಠ್ಯರೂಪದಲ್ಲಿರಲಿ, ಜೊತೆಗೆ ಅದೇ ಬಿಲ್ಡಿನ, ಡೀಬಗ್ ಮಾಹಿತಿ ಉಳಿಸಿದ ವಿಎಂಲಿನಕ್ಸ್ (vmlinux) ಎಂಬ ಕರ್ನೆಲ್ ಕಡತವೂ ಇರಲಿ; ಲಾಗಿನ ವಿಳಾಸ ಯಾವ ಫಂಕ್ಷನ್ನಿನದು ಎಂದು ಅದರಿಂದ ತಿಳಿಯುತ್ತದೆ. ಮತ್ತೆ ಬಿಲ್ಡ್ ಮಾಡಿದ ಕಡತ ಬೇಡ. ವಿಳಾಸಗಳು ಸರಿದುಹೋಗಿ ಕುಸಿತ ಬೇರೆಯದೇ ಫಂಕ್ಷನ್ನಿನಲ್ಲಿ ಆದಂತೆ ತೋರುತ್ತದೆ.