ಬಡ್ಡಿ ಕಮ್ಮಿ ಇರೋ ದೇಶದಲ್ಲಿ ಮನೆ ತಗೊಂಡ್ರೆ ಅಗ್ಗ ಬೀಳುತ್ತಾ?

ಪ್ರಶ್ನೆ: ನಾನು ಹೊರದೇಶದಲ್ಲಿ ಕೆಲ್ಸದಲ್ಲಿದೀನಿ. ಇಲ್ಲಿ ಮನೆ ಸಾಲದ ಬಡ್ಡಿ 6.5%, ನಮ್ಮ ದೇಶದಲ್ಲಿ 8.5%. ಹಂಗಂದ್ರೆ ಇಲ್ಲೇ ತಗೊಳ್ಳೋದು ಲಾಭ ಅಲ್ವಾ? ಮತ್ತೆ ಬ್ಯಾಂಕ್‌ನೋರು ಇಷ್ಟೇ ಸಾಲ ಕೊಡ್ತೀವಿ ಅಂತಾರಲ್ಲ, ಅದನ್ನ ಯಾವ ಲೆಕ್ಕದಲ್ಲಿ ಹೇಳ್ತಾರೆ?

ಈ ಪ್ರಶ್ನೆ ಬರೋದೇ ಹೀಗೆ, ಎರಡು ಬಡ್ಡಿ ರೇಟು ಅಕ್ಕಪಕ್ಕ ಇಟ್ಕೊಂಡು. ಮೊದ್ಲು ಆ ಬಡ್ಡಿದೇ ಒಂದು ಲೆಕ್ಕ ನೋಡ್ಬಿಡೋಣ, ಕರೆನ್ಸಿ ಯಾವ್ದಾದ್ರೂ ಹಾಕ್ಕೊಳ್ಳಿ. ಒಂದು ಲಕ್ಷ ಸಾಲ, 8.5%, 20 ವರ್ಷ ಅಂದ್ರೆ ತಿಂಗಳಿಗೆ 868 ಕಂತು. ಅದೇ ಒಂದು ಲಕ್ಷ, 6.5%, ಆದ್ರೆ 30 ವರ್ಷ ಅಂದ್ರೆ 632. ತಿಂಗಳಿಗೆ 236 ಉಳೀತು ಅಂತ ಖುಷಿ ಪಡೋಕೆ ಮುಂಚೆ ಒಟ್ಟು ಎಷ್ಟು ಕಟ್ತೀರ ಅಂತ ಗುಣಿಸಿ ನೋಡಿ. ಮೊದಲನೇದ್ರಲ್ಲಿ 2,08,320. ಎರಡನೇದ್ರಲ್ಲಿ 2,27,520. ಕಮ್ಮಿ ಬಡ್ಡಿದೇ ಜಾಸ್ತಿ ಆಯ್ತು! ಬಡ್ಡಿ ಕಮ್ಮಿ, ಆದ್ರೆ 10 ವರ್ಷ ಜಾಸ್ತಿ ಕಟ್ತಾ ಇದೀರಲ್ಲ, ಅದಕ್ಕೆ.

ಇನ್ನೊಂದು, 6.5 ಅಂದ್ರೆ ಎಂಥ 6.5 ಅನ್ನೋದು ಕೇಳ್ಬೇಕು. ಅಮೆರಿಕದಲ್ಲಿ 30 ವರ್ಷ ಪೂರ್ತಿ ಅದೇ ರೇಟು ಫಿಕ್ಸ್ ಆಗಿರೋ ಸಾಲ ಮಾಮೂಲಿ, ಬೇರೆ ಸುಮಾರು ದೇಶಗಳಲ್ಲಿ ಅದು ಅಪರೂಪ. ಕೆನಡಾದಲ್ಲಿ ಸಾಲ ತೀರಿಸೋ ಅವಧಿ 25 ವರ್ಷ ಇದ್ರೂ ರೇಟಿನ ಗ್ಯಾರಂಟಿ ಸಾಮಾನ್ಯವಾಗಿ 5 ವರ್ಷಕ್ಕೆ ಮಾತ್ರ, ಆಮೇಲೆ ಆವತ್ತಿನ ರೇಟಿಗೆ ರಿನ್ಯೂ ಮಾಡ್ಸಬೇಕು. ಬ್ರಿಟನ್ನಲ್ಲಿ 2 ವರ್ಷ ಅಥವಾ 5 ವರ್ಷದ ಫಿಕ್ಸ್ ಜನ ಜಾಸ್ತಿ ತಗೋತಾರೆ. ಜರ್ಮನಿಲಿ 10 ವರ್ಷ ಫಿಕ್ಸ್ ಮಾಡ್ಸೋದು ವಾಡಿಕೆ. ಭಾರತದಲ್ಲಿ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡೋ ಫ್ಲೋಟಿಂಗ್ ಗೃಹಸಾಲನ ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ರೇಟು) ತರದ ಹೊರಗಿನ ಮಾನದಂಡಕ್ಕೆ ಜೋಡಿಸ್ಲೇಬೇಕು ಅಂತ ಆರ್‌ಬಿಐ ನಿಯಮ ಮಾಡ್ತು, ಅಂದ್ರೆ ರೆಪೋ ಏರಿದ್ರೆ ನಿಮ್ದೂ ಏರುತ್ತೆ, ಇಳಿದ್ರೆ ಇಳಿಯುತ್ತೆ. 30 ವರ್ಷ ಅಲ್ಲಾಡದೇ ಇರೋ 6.5ನ ಎರಡು ವರ್ಷಕ್ಕೆ ಬದಲಾಗೋ 6.5ರ ಜೊತೆ ಹೋಲಿಸಿದ್ರೆ ಹೆಂಗೆ?

ಈಗ ಬ್ಯಾಂಕು ಎಷ್ಟು ಕೊಡುತ್ತೆ ಅನ್ನೋದು. ಮೂಲ ಲೆಕ್ಕ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಸಂಬಳದಲ್ಲಿ ಇಷ್ಟು ಪಾಲು ಸಾಲದ ಕಂತಿಗೆ ಹೋದ್ರೆ ತೊಂದ್ರೆ ಇಲ್ಲ ಅಂತ ಒಂದು ಗೆರೆ ಹಾಕ್ತಾರೆ, ಅದ್ರಲ್ಲಿ ಈಗಾಗ್ಲೇ ಓಡ್ತಿರೋ ಕಂತುಗಳನ್ನ ಕಳೀತಾರೆ, ಉಳಿದಿದ್ದಕ್ಕೆ ಎಷ್ಟು ಸಾಲ ಬರುತ್ತೆ ಅಂತ ಹಿಂದಕ್ಕೆ ಲೆಕ್ಕ ಹಾಕ್ತಾರೆ. ಸಂಬಳ ಒಂದು ಲಕ್ಷ, ಗೆರೆ 50% ಅಂತ ಇಟ್ಕೊಳ್ಳಿ, 50,000 ಆಯ್ತು. ಕಾರಿನ ಕಂತು 12,000 ಇದ್ರೆ ಉಳಿಯೋದು 38,000. ಲಕ್ಷಕ್ಕೆ 868ರ ಹಾಗೆ ಭಾಗಿಸಿದ್ರೆ ಸುಮಾರು 43.8 ಲಕ್ಷ ಸಾಲ. ಕಾರಿನ ಸಾಲ ಇಲ್ದೇ ಇದ್ದಿದ್ರೆ 57.6 ಲಕ್ಷ. ಅಂದ್ರೆ ಆ ಕಾರು ನಿಮ್ಮ ಮನೆಯಿಂದ 13.8 ಲಕ್ಷ ಕಿತ್ಕೊಳ್ತು, ಶೋರೂಮಲ್ಲಿ ಇದನ್ನ ಯಾರೂ ಹೇಳಲ್ಲ ಬಿಡಿ. ಮನೆ ಸಾಲಕ್ಕೆ ಅರ್ಜಿ ಹಾಕೋ ಯೋಚನೆ ಇದ್ರೆ ಮುಂಚೆನೇ ಸಣ್ಣಪುಟ್ಟ ಸಾಲ, ಫೋನ್ ಕಂತು, ಕ್ರೆಡಿಟ್ ಕಾರ್ಡ್ ಬಾಕಿ ತೀರಿಸ್ಕೊಳ್ಳಿ ಅನ್ನೋದು ಇದಕ್ಕೇ.

ಆದ್ರೆ ಆ ಗೆರೆ ಇದ್ಯಲ್ಲ, ಅದು ಪ್ರತಿ ದೇಶದಲ್ಲೂ ಬೇರೆ ಬೇರೆ ಅಡಿಪಾಯದ ಮೇಲೆ ನಿಂತಿರುತ್ತೆ, ಜನ ಎಡವೋದು ಇಲ್ಲೇ. ಅಮೆರಿಕದಲ್ಲಿ 28/36 ಅಂತ ಹಳೇ ಲೆಕ್ಕ ಒಂದಿದೆ, ಮನೆ ಖರ್ಚು ಸಂಬಳದ 28% ಒಳಗೆ, ಎಲ್ಲಾ ಸಾಲ ಸೇರಿ 36% ಒಳಗೆ. ಅದು ಟ್ಯಾಕ್ಸ್ ಕಟ್ಟೋಕೆ ಮುಂಚಿನ ಸಂಬಳದ ಮೇಲೆ, ಮತ್ತೆ ಮನೆ ಖರ್ಚು ಅಂದ್ರೆ ಅಸಲು ಬಡ್ಡಿ ಮಾತ್ರ ಅಲ್ಲ, ಪ್ರಾಪರ್ಟಿ ಟ್ಯಾಕ್ಸು, ಇನ್ಶೂರೆನ್ಸೂ ಅದರೊಳಗೇ ಬರುತ್ತೆ. ಕೆನಡಾದಲ್ಲಿ ಇನ್ಶೂರೆನ್ಸ್ ಇರೋ ಸಾಲಕ್ಕೆ (ಡೌನ್‌ಪೇಮೆಂಟ್ ಕಮ್ಮಿ ಇದ್ದಾಗ ಬ್ಯಾಂಕಿನ ರಕ್ಷಣೆಗೆ ಮಾಡ್ಸೋ ಇನ್ಶೂರೆನ್ಸ್) ಮಿತಿ ಮನೆ ಖರ್ಚಿಗೆ 39%, ಎಲ್ಲಾ ಸಾಲ ಸೇರಿ 44%, ಅದೂ ಟ್ಯಾಕ್ಸ್‌ಗೆ ಮುಂಚಿನ ಸಂಬಳಕ್ಕೆ, ಮನೆ ಕಾಯಿಸೋ ಖರ್ಚನ್ನೂ ಲೆಕ್ಕಕ್ಕೆ ತಗೋತಾರೆ (ಅಲ್ಲಿನ ಚಳಿಗೆ ಅದು ಸಣ್ಣ ಮಾತಲ್ಲ). ಭಾರತದಲ್ಲಿ ತುಂಬಾ ಬ್ಯಾಂಕುಗಳು ಕೈಗೆ ಬರೋ ಸಂಬಳ ಹಿಡೀತಾವೆ, ಕಂತುಗಳನ್ನ ಮಾತ್ರ ನೋಡ್ತಾವೆ, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಲೆಕ್ಕಕ್ಕೇ ಬರಲ್ಲ. ಅದಕ್ಕೇ ಒಂದು ಕಡೆ 50% ಅಂದ್ರು, ಇನ್ನೊಂದು ಕಡೆ 36% ಅಂದ್ರು, ಆದ್ರಿಂದ ಮೊದಲನೇರು ಧಾರಾಳಿಗಳು ಅಂತ ಅಂದ್ಕೋಬೇಡಿ. ಬ್ರಿಟನ್ನಲ್ಲಿ ಇನ್ನೂ ಸರಳ, ವರ್ಷದ ಆದಾಯದ ನಾಲ್ಕೂವರೆ ಪಟ್ಟು ಅನ್ನೋ ಸಂಖ್ಯೆ ಸುತ್ತ ಮಾತು ನಡೆಯುತ್ತೆ, ಅದಕ್ಕಿಂತ ಜಾಸ್ತಿ ಕೊಡೋ ಸಾಲಗಳಿಗೆ ಮಿತಿ ಇರ್ಬೇಕು ಅಂತ 2014ರಲ್ಲೇ ನಿಯಮ ಬಂತು.

ಕೆನಡಾ, ಆಸ್ಟ್ರೇಲಿಯಾದಲ್ಲಿ ಒಂದು ವಿಷ್ಯ ನಂಗೆ ಇಷ್ಟ. ನೀವು ಕಟ್ಟೋ ಬಡ್ಡಿಗೆ ನಿಮ್ಮನ್ನ ಪರೀಕ್ಷೆ ಮಾಡಲ್ಲ, ಅದಕ್ಕಿಂತ ಜಾಸ್ತಿ ಬಡ್ಡಿಗೆ ಮಾಡ್ತಾರೆ. ಕೆನಡಾದಲ್ಲಿ ನಿಮ್ಮ ರೇಟಿಗೆ 2% ಸೇರಿಸಿ ಅಥವಾ 5.25%, ಯಾವ್ದು ಜಾಸ್ತಿನೋ ಅದು. ಆಸ್ಟ್ರೇಲಿಯಾದಲ್ಲಿ 2021ರ ಕೊನೆಯಿಂದ 3% ಸೇರಿಸ್ತಾರೆ. ನಿಮ್ಮ ಬ್ಯಾಂಕು ಇದನ್ನ ಮಾಡದೇ ಇದ್ರೂ ನೀವೇ ಮಾಡ್ಕೊಳ್ಳಿ, ಐದು ನಿಮಿಷದ ಕೆಲ್ಸ. ಅದೇ 38,000ಕ್ಕೆ 8.5ರ ಬದ್ಲು 10.5% ಹಾಕಿ ನೋಡಿ, ಲಕ್ಷಕ್ಕೆ ಕಂತು 998 ಆಗುತ್ತೆ, ಸಾಲ 38 ಲಕ್ಷಕ್ಕೆ ಇಳಿಯುತ್ತೆ. 43.8 ಲಕ್ಷ ಕೊಡ್ತೀವಿ ಅಂತ ಬ್ಯಾಂಕು ಕಾಗ್ದ ಕೊಟ್ರೂ ನಾನಾಗಿದ್ರೆ 38ರ ಹತ್ರನೇ ನಿಲ್ತೀನಿ. ಬ್ಯಾಂಕು ನೋಡೋದು ತನ್ನ ದುಡ್ಡು ವಾಪಸ್ ಬರುತ್ತಾ ಅಂತ, ನಿಮ್ಮ ಮನೇಲಿ ತಿಂಗಳ ಕೊನೆಗೆ ಏನು ಉಳಿಯುತ್ತೆ ಅಂತ ಅಲ್ಲ.

ನನ್ನ ಫ್ರೆಂಡ್ ಒಬ್ಬ ಒಂದ್ಸಲ ವಿಡಿಯೋ ಕಾಲಲ್ಲಿ ಸ್ಕ್ರೀನ್ ಶೇರ್ ಮಾಡಿ ತೋರಿಸ್ದ. ಎಕ್ಸೆಲ್ ಶೀಟು, ಎಡಗಡೆ ತಾನಿರೋ ದೇಶ, ಬಲಗಡೆ ಸ್ವಂತ ದೇಶ, ಹಸಿರು ಬಣ್ಣ ಕೆಂಪು ಬಣ್ಣ ಎಲ್ಲಾ ಹಾಕಿದಾನೆ, ನೋಡೋಕೆ ಚೆನ್ನಾಗೇ ಇತ್ತು. ಎಡಗಡೆ ಕಂತು ಕಮ್ಮಿ, ಅದಕ್ಕೆ ಹಸಿರು. ಪ್ರಾಪರ್ಟಿ ಟ್ಯಾಕ್ಸ್ ಎಲ್ಲಪ್ಪಾ ಅಂದೆ. ಅದು ಸಾಲದ್ದಲ್ವಲ್ಲ ಮಾರಾಯ, ಅದನ್ನ ಯಾಕೆ ಹಾಕ್ಲಿ ಅಂದ. ಅಲ್ಲೇ ಒಂದು ಸಾಲು ಸೇರಿಸಿದ್ವಿ. ಅಮೆರಿಕದ ಟೆಕ್ಸಾಸ್, ನ್ಯೂಜೆರ್ಸಿ ಕಡೆ ವರ್ಷಕ್ಕೆ ಮನೆ ಬೆಲೆಯ 2% ಹತ್ತತ್ರ ಪ್ರಾಪರ್ಟಿ ಟ್ಯಾಕ್ಸ್ ಬರೋದು ಅಪರೂಪ ಏನಲ್ಲ. 80 ಲಕ್ಷದ ಮನೆ ಅಂತ ಇಟ್ಕೊಂಡ್ವಿ, 64 ಲಕ್ಷ ಸಾಲ, 6.5%ಗೆ 30 ವರ್ಷ, ಕಂತು 40,448. ಅದರ ಮೇಲೆ 2% ಟ್ಯಾಕ್ಸ್ ಅಂದ್ರೆ ವರ್ಷಕ್ಕೆ 1,60,000, ತಿಂಗಳಿಗೆ 13,333. ಕಂತಿನ ಮೂರನೇ ಒಂದು ಭಾಗ ಹತ್ರ ಬಂತು. ಅದನ್ನ ಸಾಲದ ಮೊತ್ತದ ಮೇಲೆ ಇಟ್ಟು ನೋಡಿದ್ರೆ 2.5% ಬಡ್ಡಿ ಹೆಚ್ಚಿಗೆ ಕಟ್ಟಿದ ಹಾಗೆ, 6.5 ಇದ್ದಿದ್ದು 9 ಆಯ್ತು. ಸಾಲ ತೀರಿದ ಮೇಲೂ ಅದು ನಿಲ್ಲಲ್ಲ ಅನ್ನೋದು ಬೇರೆ. ಎಡಗಡೆ ಹಸಿರು ಬಣ್ಣ ಅವನೇ ತೆಗ್ದ, ಒಂದು ನಿಮಿಷ ಮಾತಾಡ್ಲಿಲ್ಲ.

ನಂಗೆ ಅರ್ಥ ಆಗಿರೋದು ಏನಂದ್ರೆ ಪ್ರತಿ ದೇಶನೂ ಮನೆಯ ಖರ್ಚನ್ನ ಬೇರೆ ಬೇರೆ ಜೇಬಲ್ಲಿ ಬಚ್ಚಿಟ್ಟಿರುತ್ತೆ. ಕೆಲವು ಕಡೆ ಒಳಗೆ ಕಾಲಿಡುವಾಗ್ಲೇ ಕಿತ್ಕೋತಾರೆ, ಕೆಲವು ಕಡೆ ತಿಂಗಳು ತಿಂಗಳು, ಕೆಲವು ಕಡೆ ಬಿಟ್ಟು ಹೋಗುವಾಗ. ಅಮೆರಿಕದಲ್ಲಿ ಎರಡನೇ ಜೇಬು ದಪ್ಪ. ಜರ್ಮನಿಲಿ ಮೊದಲನೇದು: ಆಸ್ತಿ ಕೊಳ್ಳೋ ತೆರಿಗೆನೇ ರಾಜ್ಯದ ಮೇಲೆ 3.5%ರಿಂದ 6.5%, ಬವೇರಿಯಾದಲ್ಲಿ ಕಮ್ಮಿ, ನಾರ್ತ್ ರೈನ್ ವೆಸ್ಟ್‌ಫೇಲಿಯಾದಲ್ಲಿ ಜಾಸ್ತಿ, ಅದರ ಮೇಲೆ ನೋಟರಿ, ನೋಂದಣಿ, ಬ್ರೋಕರ್ ಸೇರಿದ್ರೆ ಬೆಲೆಯ 10% ಸುತ್ತಮುತ್ತ ಹೋಗ್ಬಹುದು, ಮತ್ತೆ ಇದನ್ನ ಸ್ವಂತ ದುಡ್ಡಲ್ಲೇ ತನ್ನಿ ಅಂತ ಬ್ಯಾಂಕಿನೋರು ಸಾಮಾನ್ಯವಾಗಿ ಕೇಳ್ತಾರೆ. ಭಾರತದಲ್ಲೂ ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಮೊದಲನೇ ಜೇಬು. ಆರ್‌ಬಿಐ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90%, 30ರಿಂದ 75 ಲಕ್ಷಕ್ಕೆ 80%, ಅದಕ್ಕೂ ಮೇಲಾದ್ರೆ 75% ಮಾತ್ರ ಕೊಡ್ಬಹುದು, ಆ ಬೆಲೆಯಲ್ಲಿ ತೀರಾ ಅಗ್ಗದ ಮನೆ ಬಿಟ್ರೆ ಸ್ಟಾಂಪ್ ಡ್ಯೂಟಿ ಸೇರಿಸೋ ಹಾಗಿಲ್ಲ. 20% ಡೌನ್‌ಪೇಮೆಂಟ್ ರೆಡಿ ಇದೆ ಅಂತ ಹೊರಟೋರು ರಿಜಿಸ್ಟ್ರೇಷನ್ ದಿನ ಹತ್ರ ಬಂದಾಗ ಕೈ ಸಾಲಕ್ಕೆ ಓಡೋದು ಇದಕ್ಕೇ. ಇನ್ನು ನೆದರ್‌ಲ್ಯಾಂಡ್ಸಲ್ಲಿ ಬೆಲೆಯ 100% ಸಾಲನೂ ಸಿಗುತ್ತೆ, ಆದ್ರೂ ತೆರಿಗೆ, ನೋಟರಿ ಖರ್ಚು ಕೈಯಿಂದನೇ.

ಡೌನ್‌ಪೇಮೆಂಟ್ 20%ಗಿಂತ ಕಮ್ಮಿ ಇದ್ರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಸಾಲಕ್ಕೆ ಇನ್ಶೂರೆನ್ಸ್ ಅಂತ ಒಂದು ಖರ್ಚು ಬರುತ್ತೆ. ಕಟ್ಟೋದು ನೀವು, ರಕ್ಷಣೆ ಬ್ಯಾಂಕಿಗೆ.

ಹೊರಗಿನವರು ಅನ್ನೋ ಕಾರಣಕ್ಕೇ ಬೀಳೋ ಖರ್ಚು ಬೇರೆ ಇದೆ, ಅದನ್ನ ಎಲ್ಲಕ್ಕಿಂತ ಮೊದ್ಲು ನೋಡ್ಕೊಳ್ಳಿ. ಸಿಂಗಾಪುರದಲ್ಲಿ 2023ರ ಏಪ್ರಿಲ್ 27ರಿಂದ ವಿದೇಶಿಯರು ಮನೆ ತಗೊಂಡ್ರೆ ಹೆಚ್ಚುವರಿ ಸ್ಟಾಂಪ್ ಡ್ಯೂಟಿ 60%. ಹೌದು, ಅರವತ್ತು, ಟೈಪಿಂಗ್ ತಪ್ಪಲ್ಲ. ಕೆಲವು ದೇಶದವರಿಗೆ ಒಪ್ಪಂದದಿಂದ ವಿನಾಯ್ತಿ ಇದೆ, ಭಾರತ ಆ ಪಟ್ಟೀಲಿಲ್ಲ. ಇಂಗ್ಲೆಂಡಲ್ಲಿ ಅಲ್ಲಿ ವಾಸ ಇಲ್ದೋರಿಗೆ 2021ರ ಏಪ್ರಿಲ್‌ನಿಂದ 2% ಜಾಸ್ತಿ. ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ತಾತ್ಕಾಲಿಕ ವೀಸಾದೋರೂ ಸೇರಿ ವಿದೇಶಿಯರು ಹಳೇ ಮನೆ ತಗೊಳ್ಳೋ ಹಾಗಿಲ್ಲ ಅಂತ ಮಾಡಿದ್ರು, ಒಂದೆರಡು ವಿನಾಯ್ತಿ ಬಿಟ್ರೆ. ಇದ್ರ ಜೊತೆ ಕ್ರೆಡಿಟ್ ಸ್ಕೋರ್. ನಿಮ್ಮ ದೇಶದಲ್ಲಿ ಹತ್ತು ವರ್ಷ ಒಂದು ಕಂತೂ ತಪ್ಪಿಸಿಲ್ಲ ಅನ್ನೋದು ಹೊಸ ದೇಶದ ಬ್ಯಾಂಕಿಗೆ ಸಾಮಾನ್ಯವಾಗಿ ಕಾಣ್ಸೋದೇ ಇಲ್ಲ, ಅಲ್ಲಿ ನೀವು ನಿನ್ನೆ ಹುಟ್ಟಿದ ಮಗು ಲೆಕ್ಕ. ಹೋದ ತಕ್ಷಣ ಒಂದು ಕಾರ್ಡ್ ತಗೊಂಡು ಸಣ್ಣ ಮೊತ್ತ ಖರ್ಚು ಮಾಡಿ ಪೂರ್ತಿ ಕಟ್ತಾ ಬನ್ನಿ, ಮನೆ ಯೋಚನೆ ಮೂರು ವರ್ಷ ಆಚೆ ಇದ್ರೂನೂ.

ಬೆಲೆ ಹೋಲಿಸುವಾಗ ಎಕ್ಸ್‌ಚೇಂಜ್ ರೇಟಲ್ಲಿ ಗುಣಿಸ್ಬೇಡಿ, ಅದು ಪ್ರವಾಸಿಗಳ ಲೆಕ್ಕ. ಆ ಊರಲ್ಲಿ ನಿಮ್ಮ ಕೆಲ್ಸಕ್ಕೆ ಎಷ್ಟು ಸಂಬಳ, ಮನೆ ಬೆಲೆ ಎಷ್ಟು ವರ್ಷದ ಸಂಬಳಕ್ಕೆ ಸಮ ಅಂತ ನೋಡಿ. ಆಮೇಲೆ ಬಾಡಿಗೆ. 80 ಲಕ್ಷದ ಮನೆಗೆ ಬಾಡಿಗೆ 20,000 ಇದ್ರೆ ಬೆಲೆ ಅನ್ನೋದು 33 ವರ್ಷದ ಬಾಡಿಗೆ. ಅದೇ 80 ಲಕ್ಷದ ಮನೆಗೆ 40,000 ಬಾಡಿಗೆ ಇರೋ ಕಡೆ ಸುಮಾರು 17 ವರ್ಷ. ಮೊದಲನೇ ಊರಲ್ಲಿ ಬಾಡಿಗೆ ದಂಡ ಅನ್ನೋ ಮಾತು ಅಷ್ಟೊಂದು ನಿಲ್ಲಲ್ಲ, ಎರಡನೇ ಊರಲ್ಲಿ ಕೊಳ್ಳೋ ಯೋಚನೆಗೆ ಅರ್ಥ ಇದೆ. ಚದರಡಿನೂ ಹಂಗೇ, ಒಂದು ಕಡೆ ಗೋಡೆಯೊಳಗಿನ ಜಾಗ ಅಳೀತಾರೆ, ಇನ್ನೊಂದು ಕಡೆ ಲಿಫ್ಟು ಮೆಟ್ಟಿಲಿನ ಪಾಲನ್ನೂ ಸೇರಿಸಿ ಹೇಳಿಬಿಡ್ತಾರೆ, ಭಾರತದಲ್ಲಿ 2016ರ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸೋಕೆ ಸಿಗೋ ಜಾಗ) ಅಂತ ವ್ಯಾಖ್ಯೆ ಕೊಟ್ಟಿದ್ದು ಈ ಗೋಜಲಿಗೇ.

ಸಂಬಳ ಒಂದು ಕರೆನ್ಸಿ, ಸಾಲ ಇನ್ನೊಂದು ಕರೆನ್ಸಿ ಇದ್ರೆ ಜಾಗ್ರತೆ. ನೀವು ಹೊರಗಡೆ ದುಡಿದು ಸ್ವಂತ ದೇಶದ ಸಾಲ ಕಟ್ತಿದ್ರೆ, ಸ್ವಂತ ಕರೆನ್ಸಿ ಇಳಿದಾಗ ನಿಮಗೆ ಹಗುರ. ವಾಪಸ್ ಬಂದು ಇಲ್ಲಿ ದುಡೀತಾ ಅಲ್ಲಿನ ಸಾಲ ಕಟ್ಟೋ ಪರಿಸ್ಥಿತಿ ಬಂದ್ರೆ ಅದೇ ಇಳಿತ ಕುತ್ತಿಗೆಗೆ ಬರುತ್ತೆ.

ಕೊನೇ ಜೇಬು, ಬಿಟ್ಟು ಹೋಗೋದು. ಕೆನಡಾದಲ್ಲಿ ಫಿಕ್ಸ್ ಸಾಲನ ಮಧ್ಯದಲ್ಲೇ ಮುಗಿಸಿದ್ರೆ ಸಾಮಾನ್ಯವಾಗಿ ಮೂರು ತಿಂಗಳ ಬಡ್ಡಿ ಅಥವಾ ಬಡ್ಡಿ ವ್ಯತ್ಯಾಸದ ನಷ್ಟ (ಆ ದುಡ್ಡನ್ನ ಈಗಿನ ಕಮ್ಮಿ ರೇಟಿಗೆ ಸಾಲ ಕೊಟ್ರೆ ಬ್ಯಾಂಕಿಗೆ ತಪ್ಪೋ ಬಡ್ಡಿ), ಯಾವ್ದು ಜಾಸ್ತಿನೋ ಅದು ದಂಡ. ಜರ್ಮನಿಲಿ 10 ವರ್ಷ ಆಗೋಕೆ ಮುಂಚೆ ಮುಗಿಸಿದ್ರೆ ಬ್ಯಾಂಕು ಪರಿಹಾರ ಕೇಳುತ್ತೆ. ಭಾರತದಲ್ಲಿ ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ಪಾವತಿ ದಂಡ ಇಲ್ಲ, ಇದೊಂದು ದೊಡ್ಡ ಅನುಕೂಲ, ಬೋನಸ್ ಬಂದಾಗೆಲ್ಲ ಅಸಲಿಗೆ ಹಾಕ್ತಾ ಹೋಗ್ಬಹುದು.

ಹಂಗಾಗಿ ನಿಮ್ಮ ಪ್ರಶ್ನೆಗೆ ನಾನು ತಿರುಗಿ ಕೇಳೋದು ಒಂದೇ, ಅಲ್ಲಿ ಎಷ್ಟು ವರ್ಷ ಇರ್ತೀರ? ಒಳಗೆ ಹೋಗೋಕೆ 10%, ಹೊರಗೆ ಬರೋಕೆ 5% ಖರ್ಚು ಅಂತ ಇಟ್ಕೊಳ್ಳಿ, ಒಟ್ಟು 15%. ಮೂರು ವರ್ಷಕ್ಕೆ ಮಾರಿದ್ರೆ ವರ್ಷಕ್ಕೆ 5% ಬಿತ್ತು, ನೀವು ಹೇಳೋ ಎರಡು ಪರ್ಸೆಂಟ್ ಬಡ್ಡಿ ವ್ಯತ್ಯಾಸ ಅದರಲ್ಲೇ ಕೊಚ್ಚಿ ಹೋಯ್ತು. ಹದಿನೈದು ವರ್ಷ ಇದ್ರೆ ವರ್ಷಕ್ಕೆ 1%. ವೀಸಾ ಎರಡು ವರ್ಷಕ್ಕೊಮ್ಮೆ ರಿನ್ಯೂ ಆಗೋ ಸ್ಥಿತೀಲಿದ್ರೆ ನಾನು ಮೂರು ವರ್ಷದ ಲೆಕ್ಕನೇ ಹಿಡೀತೀನಿ, ಸದ್ಯಕ್ಕೆ ಬಾಡಿಗೆ ಮನೆಲೇ ಇರ್ತೀನಿ.