ಮೊದಲು ಇಸವಿ, ಆಮೇಲೆ ಕುಂಚ

ಯುದ್ಧಕಾಲದ ಡಯೋರಾಮಾ, ಅಂದರೆ ಒಂದು ದೃಶ್ಯವನ್ನು ಹಲಗೆಯ ಮೇಲೆ ಕಿರಿದಾಗಿ ತೋರಿಸುವ ಮಾದರಿ, ಮಾಡಲು ಹೊರಟವರು ನನ್ನಲ್ಲಿ ಮೊದಲು ಕೇಳುವುದು ಹೆಚ್ಚಾಗಿ ಬಣ್ಣದ ವಿಚಾರ. ಯಾವ ಕಂಪನಿಯ ಬಣ್ಣ ಕೊಳ್ಳಬೇಕು, ಎಷ್ಟು ಕುಂಚ ಬೇಕು, ಏರ್‌ಬ್ರಶ್ ಇಲ್ಲದೆ ಆಗುತ್ತದೆಯೇ ಎಂದು. ಅದಕ್ಕೆ ಉತ್ತರಿಸುವ ಮೊದಲು ನಾನು ಅವರನ್ನು ಕೇಳುತ್ತೇನೆ: ನೀವು ತೋರಿಸಲಿರುವುದು ಯಾವ ಇಸವಿ, ಯಾವ ತಿಂಗಳು? ಶಾಲೆಗಳಿಗೂ ಪ್ರದರ್ಶನಗಳಿಗೂ ಮಾದರಿ ಮಾಡಿಕೊಡುವುದು ನನ್ನ ಕಸುಬು. ಕೈ ಪಳಗಲು ಸಮಯ ಬೇಕು, ಆದರೆ ಪಳಗಿಯೇ ಪಳಗುತ್ತದೆ. ಕಾಲವನ್ನು ನಿಶ್ಚಯಿಸದೆ ಆರಂಭಿಸಿದ ಮಾದರಿಯನ್ನು ಮಾತ್ರ ಎಂಥ ಬಣ್ಣವೂ ಉಳಿಸಲಾರದು.

ಕಾಸರಗೋಡಿನ ಹೊಸಬರ ಕಣ್ಣು ಸಹಜವಾಗಿಯೇ ಬೇಕಲ ಕೋಟೆಯ ಮೇಲೆ ಬೀಳುತ್ತದೆ. ಅದು ಒಳ್ಳೆಯ ಆಯ್ಕೆಯೇ. ಆದರೆ ಯಾವ ಬೇಕಲ? 1650ರ ಸುಮಾರಿಗೆ ಕೆಳದಿಯ ಅರಸ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಬಳಿಕ ಅವರ ಕರಾವಳಿಯ ಕೋಟೆಗಳೂ ಅವನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ ಮೇಲೆ ಇದು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ನಾಯಕರ ಪಡೆ, ಮೈಸೂರಿನ ಪಡೆ, ಕಂಪನಿಯ ಸಿಪಾಯಿಗಳು ಎಲ್ಲರೂ ಇದೇ ಗೋಡೆಯ ಮೇಲೆ ಬೇರೆ ಬೇರೆ ಕಾಲದಲ್ಲಿ ನಿಂತವರು. ಇಸವಿ ಹೇಳದೆ ಒಬ್ಬ ಸೈನಿಕನನ್ನು ಅಲ್ಲಿ ನಿಲ್ಲಿಸಿದರೆ ಅವನು ಯಾರ ಸೈನಿಕ?

ಈ ಬರಹದ ಮಟ್ಟಿಗೆ 1785ರ ಜನವರಿಯನ್ನು ಹಿಡಿಯೋಣ. ಹಿಂದಿನ ವರ್ಷದ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಗಿ ಎರಡನೆಯ ಮೈಸೂರು ಯುದ್ಧ ಮುಗಿದಿದೆ. ಕೋಟೆಯಲ್ಲಿ ಟಿಪ್ಪುವಿನ ಕಾವಲಿದೆ, ಕದನವಿಲ್ಲ. ಹೊಸಬರಿಗೆ ನಾನು ಕದನದ ದೃಶ್ಯ ಬೇಡವೆನ್ನುವುದು ಬೇಕೆಂತಲೇ. ಓಡುವ ಕಾಲು, ಬೀಳುವ ಮೈ, ಬೆಂಕಿ, ಹೊಗೆ ಇವೆಲ್ಲ ಪಳಗಿದವರಿಗೂ ಕಷ್ಟ. ಒಂದು ತೋಪು, ಮೂವರು ಕಾವಲಿನವರು, ಕಡಲ ಕಡೆಗೆ ನೋಡುತ್ತಿರುವ ಒಂದು ಮುಖ ಇಷ್ಟರಲ್ಲಿ ಸೈನಿಕ ಬದುಕಿನ ಬಹುಪಾಲು ಬಂದುಬಿಡುತ್ತದೆ. ಕೋಟೆಯ ಸೈನಿಕ ತನ್ನ ಆಯುಷ್ಯವನ್ನು ಕಳೆದದ್ದೇ ಹಾಗೆ.

ಇಡೀ ಕೋಟೆ ಮಾಡುವ ಆಸೆಯನ್ನೂ ಬಿಡಬೇಕು. ಬೇಕಲ ನಲವತ್ತು ಎಕರೆಯ ಕೋಟೆ. ಚೌಕವೆಂದು ಭಾವಿಸಿದರೆ ಬದಿಯೊಂದಕ್ಕೆ ನಾನೂರು ಮೀಟರ್. 1:72 ಪ್ರಮಾಣದಲ್ಲಿ, ಅಂದರೆ ನಿಜದ ಎಪ್ಪತ್ತೆರಡರಲ್ಲೊಂದು ಅಳತೆಯಲ್ಲಿ, ಮನುಷ್ಯನ ಎತ್ತರ 23 ಮಿಲಿಮೀಟರಿನಷ್ಟಾಗುತ್ತದೆ, ಕೋಟೆಗೆ ಮಾತ್ರ ಐದೂವರೆ ಮೀಟರ್ ಚೌಕದ ಕೋಣೆ ಬೇಕು. 1:32ರಲ್ಲಿ ಮಾಡಿದರೆ ಅಂಗಳವೇ ಸಾಲದು. ಅದರ ಬದಲು 1:32ರಲ್ಲಿ ಒಂದೇ ಬುರುಜಿನ ನೆತ್ತಿಯನ್ನು ಎತ್ತಿಕೊಳ್ಳಿ. 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಎಂಟು ಮೀಟರ್ ಉದ್ದ, ಆರೂವರೆ ಮೀಟರ್ ಅಗಲದ ಜಾಗ ಸಿಗುತ್ತದೆ. ತೋಪು, ಎದೆಮಟ್ಟದ ಗೋಡೆ, ಮೂರು ಆಳು ಇಷ್ಟಕ್ಕೆ ಅದು ಧಾರಾಳ. ಈ ಪ್ರಮಾಣದಲ್ಲಿ ಆಳಿನ ಎತ್ತರ ಐದು ಸೆಂಟಿಮೀಟರ್ ದಾಟುವುದರಿಂದ ಕಣ್ಣು, ಮೀಸೆ, ರುಮಾಲಿನ ಸುತ್ತು ಕೂಡ ಕುಂಚಕ್ಕೆ ನಿಲುಕುತ್ತವೆ.

ಇನ್ನು ಕೋಟೆಗೆ ಹೋಗಿ. ಟೇಪು, ನೋಟುಪುಸ್ತಕ, ಮೊಬೈಲ್ ಇದ್ದರೆ ಸಾಕು. ಕಲ್ಲಿನ ಉದ್ದ, ಎತ್ತರ, ಗೋಡೆಯ ದಪ್ಪ, ಗುಂಡಿನ ಕಿಂಡಿಗಳ ಅಗಲ ಮತ್ತು ಅವು ಯಾವ ಕಡೆಗೆ ಇಳಿಜಾರಾಗಿವೆ ಎಂಬುದನ್ನು ಬರೆದುಕೊಳ್ಳಿ. ಒಂದು ಎಚ್ಚರಿಕೆ: ಇಂದು ಕಾಣುವುದೆಲ್ಲ ಅಂದಿನದಲ್ಲ. ಹಸಿರು ಹಾಸು, ಪ್ರವಾಸಿಗಳ ದಾರಿ, ಕೈಕಂಬಿ ಇವು ಈಗಿನವೆಂದು ಯಾರಿಗೂ ಗೊತ್ತು. ಮೋಸಹೋಗುವುದು ಹಳೆಯದರಂತೆ ಕಾಣುವ ವಸ್ತುಗಳಲ್ಲಿ. ಹೈಸ್ಕೂಲಿನ ಹುಡುಗನೊಬ್ಬ ತನ್ನ ಟಿಪ್ಪು ಕಾಲದ ಕೋಟೆಯ ಮಾದರಿಯನ್ನು ನನ್ನಲ್ಲಿ ತಂದಿದ್ದ. ಕೆಲಸ ಅಚ್ಚುಕಟ್ಟು. ಕಾವಲು ಮನೆಯ ಮಾಡಿಗೆ ಒಂದೊಂದೇ ಮಂಗಳೂರು ಹಂಚನ್ನು ಕಾರ್ಡಿನಲ್ಲಿ ಕತ್ತರಿಸಿ ಹೊದಿಸಿದ್ದ. "ಈ ಹಂಚು ಆಗ ಇತ್ತೇ?" ಎಂದೆ. ಜೊತೆಗಿದ್ದ ತಂದೆಯೇ ಉತ್ತರಿಸಿದರು: "ನಮ್ಮ ಅಜ್ಜನ ಮನೆಯಲ್ಲೂ ಇದೇ ಹಂಚು ಸರ್, ಹಳೆಯದೇ ಅಲ್ಲವೇ?" ಹಳೆಯದು ಹೌದು, ಆದರೆ ಅಷ್ಟು ಹಳೆಯದಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. 1785ರ ಮಾಡಿಗೆ ಮುಳಿಹುಲ್ಲನ್ನೋ ಹೆಣೆದ ತೆಂಗಿನ ಮಡಲನ್ನೋ ಹೊದಿಸಬೇಕು. ಹುಡುಗ ಅಂದೇ ಹಂಚನ್ನೆಲ್ಲ ಕಿತ್ತು ಸೆಣಬಿನ ನಾರಿನಲ್ಲಿ ಹುಲ್ಲು ಹೊದಿಸಲು ಕುಳಿತ. ಹೊಸ ಮಾಡು ಹಳೆಯದಕ್ಕಿಂತ ಚೆನ್ನಾಗಿ ಬಂತು.

ಮರಗಳಿಗೂ ಇದೇ ಪರೀಕ್ಷೆ. ತೆಂಗು, ತಾಳೆ, ಹಲಸು ಇರಲಿ. ಗೇರು ಕೂಡ ಇರಬಹುದು. ಅದನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲೇ ತಂದಿದ್ದರು. ಕಡಲ ಬದಿಯ ಗಾಳಿಮರದ ಸಾಲು, ಅಕೇಶಿಯಾ, ರಬ್ಬರ್ ಇವು ಯಾವುವೂ ಬೇಡ. ಎಲ್ಲವೂ ಆಮೇಲೆ ನೆಟ್ಟವು. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಹಲಗೆ ಬರಿದಾಗುತ್ತದೆಂದು ಹೆದರಬೇಡಿ. ಉಳಿದದ್ದು ಅಂದಿನದಾಗಿರುತ್ತದೆ.

ಗೋಡೆಯ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಂದಿನ ಕೋಟೆಯೆಂದರೆ ಹೊಸದಾಗಿ ಹೊಳೆಯಬೇಕೆಂದು ಎಲ್ಲವನ್ನೂ ಕೆಂಪು ಬಳಿದುಬಿಡುವವರಿದ್ದಾರೆ. 1785ಕ್ಕೆ ಆ ಗೋಡೆ ಆಗಲೇ ನೂರಮೂವತ್ತು ಮಳೆಗಾಲ ಕಂಡಿತ್ತು. ಕಾಸರಗೋಡಿನ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು. ಹಾಗಾಗಿ ಕೋಟೆ ಕಟ್ಟಿದ ಮುರಕಲ್ಲು (ತೂತುತೂತಾದ ಕೆಂಪುಕಲ್ಲು) ಕಪ್ಪಾಗಿಯೇ ಇರಬೇಕು, ಕಡಲಿಗೆ ಮುಖಮಾಡಿದ ಬದಿಯಲ್ಲಿ ಇನ್ನೂ ಹೆಚ್ಚು. ಜನವರಿಯಾದ್ದರಿಂದ ಹಾವಸೆ ಒಣಗಿ ಬೂದುಗಪ್ಪಿಗೆ ತಿರುಗಿರುತ್ತದೆ. ಜುಲೈಯನ್ನು ಆರಿಸಿದ್ದರೆ ಅದೇ ಗೋಡೆ ಕಡುಹಸಿರು. ತಿಂಗಳು ಕೇಳುವುದು ಇದಕ್ಕೇ.

ಗೋಡೆಗೆ ಸಾಮಾನ್ಯ ಥರ್ಮೋಕೋಲ್ ಬೇಡ, ಕತ್ತರಿಸಿದಲ್ಲೆಲ್ಲ ಮಣಿಮಣಿಯಾಗಿ ಉದುರುತ್ತದೆ. ಶಾಖ ತಡೆಯಲು ಬಳಸುವ ಗಟ್ಟಿ ಫೋಮ್ ಹಲಗೆ ತನ್ನಿ. ನಿಮ್ಮ ಅಳತೆಯಲ್ಲಿ ಕಲ್ಲು 40 ಸೆಂಟಿಮೀಟರ್ ಉದ್ದ ಬಂದಿದ್ದರೆ 1:32ರಲ್ಲಿ ಅದು ಹನ್ನೆರಡೂವರೆ ಮಿಲಿಮೀಟರ್. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸಂದುಗಳನ್ನು ಒತ್ತಿ ಗೆರೆ ಎಳೆಯಿರಿ. ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ನೇರವಾಗಿ ಬರಬಾರದು. ಆಮೇಲೆ ಮುರಕಲ್ಲಿನ ತೂತುಗಳು. ಬಹಳ ಮಂದಿ ನಿಜವಾದ ಮುರಕಲ್ಲಿನ ತುಂಡನ್ನೇ ಫೋಮಿಗೆ ಒತ್ತುತ್ತಾರೆ, ಮೇಲ್ನೋಟಕ್ಕೆ ಜಾಣತನವೆನಿಸುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ಸೆಂಟಿಮೀಟರಿನ ತೂತು ಹಾಗೆಯೇ ಮೂಡಿದರೆ ನಿಮ್ಮ ಕೋಟೆಯಲ್ಲಿ ಅದು 64 ಸೆಂಟಿಮೀಟರಿನ ಗುಹೆ, ಸೈನಿಕ ತಲೆ ತೂರಿಸಬಹುದು! ಎರಡು ಸೆಂಟಿಮೀಟರಿನ ತೂತು 1:32ರಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದು, ಅಷ್ಟೇ. ಹಳೆಯ ಹಲ್ಲುಜ್ಜುವ ಬ್ರಶ್ಶಿನ ಕೂದಲನ್ನು ಮೋಟಾಗಿ ಕತ್ತರಿಸಿ ನೇರವಾಗಿ ಕುಟ್ಟಿ, ಅಲ್ಲಲ್ಲಿ ಸೂಜಿಯಿಂದ ಚುಚ್ಚಿದರೆ ಸರಿಯಾದ ಮೈ ಬರುತ್ತದೆ. ಕಲ್ಲನ್ನು ಹತ್ತಿರದಿಂದ ಅಭ್ಯಾಸ ಮಾಡಬೇಕೆಂದಿದ್ದರೆ ಯಾವುದಾದರೂ ಕಲ್ಲುಕೋರೆಯಿಂದ ಚೂರು ತನ್ನಿ. ಸಂರಕ್ಷಿತ ಕೋಟೆಯ ಗೋಡೆಯನ್ನು ಉಗುರಿನಿಂದಲೂ ಕೆರೆಯಬಾರದು.

ಬಣ್ಣ ಹಚ್ಚುವ ಮೊದಲು ಫೆವಿಕಾಲ್ ಬೆರೆಸಿದ ಅಕ್ರಿಲಿಕ್ ಬಣ್ಣದ ಒಂದು ಕೋಟು ಕೊಡಿ. ಇಲ್ಲದಿದ್ದರೆ ಸ್ಪ್ರೇ ಡಬ್ಬಿಯ ದ್ರಾವಕ ಫೋಮನ್ನೇ ಕರಗಿಸುತ್ತದೆ. ಅದರ ಮೇಲೆ ಕಂದುಗೆಂಪು. ಬಿಡಿಬಿಡಿ ಕಲ್ಲುಗಳಿಗೆ ಇಟ್ಟಿಗೆ ಬಣ್ಣ, ಕಾವಿ, ಒಂದೆರಡಕ್ಕೆ ಹಳದಿ ಛಾಯೆ. ಒಣಗಿದ ಬಳಿಕ ನೀರಾಗಿಸಿದ ಕಡುಬೂದು ಬಣ್ಣವನ್ನು ಮೇಲಿನಿಂದ ಹರಿಯಬಿಡಿ, ಸಂದುಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ. ಮಳೆನೀರು ಇಳಿಯುವ ಕಡೆ ಕಪ್ಪು ಜಾಡುಗಳನ್ನು ಎಳೆಯಿರಿ. ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ಅಲ್ಪ ಬಣ್ಣದಿಂದ ಅಂಚುಗಳನ್ನು ಮಾತ್ರ ಸವರಿ. ಅಚ್ಚ ಕಪ್ಪನ್ನು ಎಲ್ಲಿಯೂ ಬಳಸಬೇಡಿ. ಸಣ್ಣ ವಸ್ತುವಿನ ಮೇಲೆ ಅದು ಬಣ್ಣವಾಗಿ ಕಾಣುವುದಿಲ್ಲ, ತೂತಾಗಿ ಕಾಣುತ್ತದೆ.

ತೋಪಿನ ವಿಷಯದಲ್ಲೂ ಇಂದಿನ ನೋಟ ದಾರಿ ತಪ್ಪಿಸುತ್ತದೆ. ಉದ್ಯಾನಗಳಲ್ಲಿ ಬಿದ್ದಿರುವ ತೋಪುಗಳಿಗೆ ತುಕ್ಕು ಹಿಡಿದಿದೆ ಎಂದು ಮಾದರಿಗೂ ಕೆಂಪು ತುಕ್ಕು ಬಳಿಯುತ್ತಾರೆ. ಕಾವಲಿನಲ್ಲಿರುವ ತೋಪು ಪ್ರತಿದಿನ ಕೈ ತಾಗುವ ಆಯುಧ. ಕಡುಬೂದು ಮೈ, ಬಾಯಿಯ ಸುತ್ತ ಮಸಿ, ಬತ್ತಿಯ ತೂತಿನ ಬಳಿ ಸ್ವಲ್ಪ ಕರಕಲು, ಚಕ್ರದ ಕಬ್ಬಿಣದ ಪಟ್ಟಿಯಲ್ಲಿ ಉಜ್ಜಿದ ಹೊಳಪು ಇಷ್ಟು ಸಾಕು. ಹುಲಿಮುಖದ ಕಂಚಿನ ತೋಪು ಎಲ್ಲರ ಮನಸ್ಸು ಸೆಳೆಯುತ್ತದೆ, ನನ್ನದನ್ನೂ. ಆದರೂ ಕರಾವಳಿಯ ಒಂದು ಬುರುಜಿಗೆ ಸಾದಾ ಕಬ್ಬಿಣದ ತೋಪೇ ಹೆಚ್ಚು ನಂಬುವಂತಿರುತ್ತದೆ. ಉಡುಪಿಗೂ ಇದೇ ಮಾತು. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆಯ ಅಂಗಿಯನ್ನು ಒಬ್ಬನಿಗೆ ತೊಡಿಸಿ, ಉಳಿದಿಬ್ಬರಿಗೆ ಬಿಳಿ ಬಟ್ಟೆ, ರುಮಾಲು, ನಡುಕಟ್ಟು ಕೊಡಿ.

ಮೈಸೂರು ರಾಕೆಟ್, ಅಂದರೆ ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದ ಕಬ್ಬಿಣದ ಕೊಳವೆಯ ರಾಕೆಟ್, ಇಡಬೇಕೆಂಬ ಆಸೆ ಇದ್ದರೆ ಇಡಿ, ಅದಕ್ಕೆ ಗಟ್ಟಿ ಆಧಾರ ನಮ್ಮ ನೆರೆಯಲ್ಲೇ ಸಿಕ್ಕಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ, ಅಂದರೆ ಹಳೆಯ ಬಿದನೂರಿನ, ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು. ಕಬ್ಬಿಣದ ಕೊಳವೆಗಳ ಉದ್ದ 23ರಿಂದ 26 ಸೆಂಟಿಮೀಟರ್. 1:32ರಲ್ಲಿ ಏಳೆಂಟು ಮಿಲಿಮೀಟರ್. ಪೆನ್ನಿನ ರೀಫಿಲ್ ಕತ್ತರಿಸಿದರೆ ಆಯಿತಲ್ಲ ಎನಿಸಬಹುದು. ಮೂರು ಮಿಲಿಮೀಟರ್ ದಪ್ಪದ ರೀಫಿಲ್ ಈ ಪ್ರಮಾಣದಲ್ಲಿ ಹೆಚ್ಚುಕಡಿಮೆ ನಾಲ್ಕು ಇಂಚಿನ ಕೊಳವೆ, ತೀರ ದಪ್ಪವಾಯಿತು. ಒಂದೂವರೆ ಮಿಲಿಮೀಟರಿನ ತಂತಿ ಸರಿಹೋಗುತ್ತದೆ. ಕಟ್ಟುವ ಬಿದಿರಿಗೆ ಹಿಡಿಸೂಡಿ ಕಡ್ಡಿಯ ತೆಳು ತುದಿ. ಆರಡಿಯ ಕೋಲಿಗೆ ಆರು ಸೆಂಟಿಮೀಟರಿಗಿಂತ ತುಸು ಕಡಿಮೆ.

ಕೋಟೆ ಬೇಡ, ಟ್ಯಾಂಕೇ ಬೇಕು ಎನ್ನುವವರಿಗೂ ನಿಯಮ ಬದಲಾಗುವುದಿಲ್ಲ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣದ ಬಳಿ ನಡೆದ ಅಸಲ್ ಉತ್ತರ್ ಕಾಳಗವನ್ನು ಮಾಡಲು ಅನೇಕರಿಗೆ ಉತ್ಸಾಹ. ಜೀಪಿನ ಮೇಲಿನ 106 ಮಿಲಿಮೀಟರ್ ರಿಕಾಯ್ಲ್‌ಲೆಸ್ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಮಡಿದ ಅಬ್ದುಲ್ ಹಮೀದ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದ ಕಾಳಗವದು. 1:35ರ ಪ್ಯಾಟನ್ ಕಿಟ್ ಎಂದು ಕೈಗೆ ಸಿಗುವುದು ಹೆಚ್ಚಾಗಿ ಎಂ48ಎ3. ಅದು ಡೀಸೆಲ್ ಎಂಜಿನ್ನಿನ ಮಾದರಿ, ವಿಯೆಟ್ನಾಂ ಯುದ್ಧದ್ದು. ಖೇಮಕರಣಕ್ಕೆ ಬಂದವು ಅದಕ್ಕಿಂತ ಹಿಂದಿನ ಪೆಟ್ರೋಲ್ ಎಂಜಿನ್ನಿನವು, ಎಂಜಿನ್ ಮೇಲಿನ ಹಿಂಭಾಗದ ರಚನೆಯೇ ಬೇರೆ. ಕಿಟ್ ಕೊಳ್ಳುವ ಮೊದಲು ಹೆಸರಿನ ಕೊನೆಯ ಅಕ್ಷರ, ಅಂಕಿಗಳನ್ನೂ ಓದಿ. ನೆಲವನ್ನು ಮರಳುಗಾಡಿನ ಹಳದಿಯಲ್ಲಿ ಮಾಡುವುದು ಇನ್ನೊಂದು ಎಡವಟ್ಟು. ಆ ಕಾಳಗ ನಡೆದದ್ದು ಆಳೆತ್ತರದ ಕಬ್ಬಿನ ನಡುವೆ, ನಮ್ಮವರು ನೀರು ಹರಿಸಿದ ಗದ್ದೆಗಳಲ್ಲಿ. ಟ್ಯಾಂಕುಗಳು ಹೂತುಹೋದದ್ದೇ ಆ ಕೆಸರಿನಲ್ಲಿ. ಕೆಸರಿಲ್ಲದ ಅಸಲ್ ಉತ್ತರ್ ಮಾದರಿ ಆ ಕಾಳಗದ ಕತೆಯನ್ನೇ ಬಿಟ್ಟಂತೆ.

ನೆಲಕ್ಕೆ ನಮ್ಮ ಮಣ್ಣನ್ನೇ ಬಳಸಬಹುದು, ಹಾಗೆಯೇ ಅಲ್ಲ. ತೆಳು ಬಟ್ಟೆಯಲ್ಲಿ ಸೋಸಿ, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದುಕೊಳ್ಳಿ. ಇಲ್ಲದಿದ್ದರೆ ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ಬೂಷ್ಟು ಬರುತ್ತದೆ. ಕಡಲ ಮರಳಾದರೆ ನೀರು ಬದಲಿಸುತ್ತ ತೊಳೆಯಬೇಕು, ಉಪ್ಪು ಉಳಿದರೆ ತೇವ ಎಳೆದುಕೊಳ್ಳುತ್ತದೆ. ಫೆವಿಕಾಲಿಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದರೆ ಅಂಟು ಮಣ್ಣಿನೊಳಗೆ ಸಲೀಸಾಗಿ ಇಳಿಯುತ್ತದೆ. ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ಮಳೆ ಹೊಯ್ಯುತ್ತಿರುವ ದಿನ ಮುಟ್ಟಬೇಡಿ. ಗಾಳಿಯ ತೇವ ಅದರೊಳಗೆ ಸಿಕ್ಕಿಕೊಂಡು ಇಡೀ ಕೆಲಸದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಜೂನ್ ತಿಂಗಳಿಂದ ಓದು, ಅಳತೆ, ಕೊರೆತ. ನವೆಂಬರ್ ಬಂದ ಮೇಲೆ ಸ್ಪ್ರೇ. ನಮ್ಮ ಊರಿಗೆ ಒಪ್ಪುವ ಕ್ರಮ ಇದು.

ಹಲಗೆಯ ಮುಂದೆ ಫಲಕ ಇರಲೇಬೇಕು. ಬೇಕಲ ಕೋಟೆ, 1785ರ ಜನವರಿ, 1:32 ಎಂದು ಬರೆದು, ಅದರ ಕೆಳಗೆ ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂದು ಎರಡು ಸಾಲು ಸೇರಿಸಿ: ಗೋಡೆ ಮತ್ತು ಕಿಂಡಿ ಸ್ಥಳದಲ್ಲಿ ಅಳೆದದ್ದು, ರಾಕೆಟ್ ನಗರದ ಬಾವಿಯಲ್ಲಿ ದೊರೆತವುಗಳ ಅಳತೆಯದು, ಇಬ್ಬರು ಕಾವಲಿನವರ ಉಡುಪು ಊಹೆ. ಫಲಕ ಓದಿದ ಯಾರಾದರೂ ಆ ಊಹೆಗಿಂತ ಉತ್ತಮ ಆಧಾರ ತಂದುಕೊಟ್ಟರೆ ಆ ಇಬ್ಬರನ್ನು ಮತ್ತೆ ಬಣ್ಣ ಮಾಡಬಹುದು. ಅದಕ್ಕಾಗಿಯೇ ಆಳುಗಳನ್ನು ಹಲಗೆಗೆ ಗಟ್ಟಿಯಾಗಿ ಅಂಟಿಸದೆ, ಕಾಲಿನಡಿ ಸಣ್ಣ ತಂತಿ ಕೊಟ್ಟು ಚುಚ್ಚಿ ನಿಲ್ಲಿಸಿ.